ಮುಕ್ಕಾದ ಚುಕ್ಕೆ

ಬಸ್ರಾದ ಅಶ್ಶಾರ್ ಕಾಲುವೆಯ ದಂಡೆಯಲ್ಲಿ
ಎಂಟಡಿ ಅಗಲದ ಅಂಗಡಿ ನನ್ನದು.
ಹುಬ್ಬಳ್ಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಳಗಿದ ಕೈ
ಇಲ್ಲಿ ಎಲ್ಲವನ್ನೂ ತಿರುವಿ ಕಲಿಯಿತು,
ಬಲದಿಂದ ಎಡಕ್ಕೆ ಹರಿಯುವ ಸಾಲು,
ಸಾಲು ಮುಗಿದಾಗ ಮಾತ್ರ ಅದೇ ಗಂಟೆ.

ಜವಾದ್ ಸಬ್ತಿ ತಂದ ಯಂತ್ರದಲ್ಲಿ
ನೂನ್ ಅಕ್ಷರದ ಮೇಲಿನ ಚುಕ್ಕೆ
ಇಲಿ ಕಚ್ಚಿದ ಖರ್ಜೂರದ ಹಾಗೆ ಮೂಡುತ್ತಿತ್ತು.
ಅಚ್ಚು ಬದಲಿಸಲೇ, ಎಂದೆ.
ಬೇಡ, ರಿಬ್ಬನ್ ಹಾಕು ಸಾಕು,
ಇಷ್ಟು ವರ್ಷ ಜೊತೆಗಿದ್ದದ್ದು, ಕುಂಟಿದರೆ ಕುಂಟಲಿ,
ಎಂದು ನಕ್ಕ.

ಆ ವರ್ಷ ನದಿಯಾಚೆಯಿಂದ ಶೆಲ್ಲು ಬರುತ್ತಿದ್ದವು,
ಈಚೆಯಿಂದ ಹೋಗುತ್ತಿದ್ದವು.
ಊರಲ್ಲಿ ಕೈಯಿಂದ ಕೈಗೆ ಒಂದು ಹಾಳೆ ದಾಟಿತು,
ಸಿಪಾಯಿ ಹುಡುಗರ ಬೂಟಿನೊಳಗೂ ಹೊಕ್ಕಿತಂತೆ.
ಎರಡು ದಡದ ಇಬ್ಬರು ತಾಯಂದಿರು
ಒಂದೇ ಹೊತ್ತಿಗೆ ಹಿಟ್ಟು ನಾದುವ ಕತೆ.
ಇವಳು ಒಂದು ರೊಟ್ಟಿ ಕಡಿಮೆ ತಟ್ಟುತ್ತಾಳೆ.
ಅವಳೂ.
ಅಷ್ಟೇ. ಸರದಾರನ ಹೆಸರು ಎಲ್ಲೂ ಇಲ್ಲ.
ಇಲ್ಲದ್ದೇ ತಪ್ಪಾಯಿತು.

ಇಸ್ತ್ರಿ ಅಂಗಿಯ ಇಬ್ಬರು ಬಂದು ಹಾಳೆ ಚಾಚಿದರು.
ಮುಕ್ಕು ಚುಕ್ಕೆ ನನ್ನನ್ನೇ ನೋಡಿತು.
ರಿಪೇರಿಯ ವಹಿ ನಾನು ಬರೆಯುತ್ತಿದ್ದದ್ದು ಕನ್ನಡದಲ್ಲಿ.
ಪುಟ ತಿರುವಿದರು, ಬೆಳಕಿಗೆ ಹಿಡಿದರು,
ಇದೇನು, ಜಿಲೇಬಿ ಅಂಗಡಿಯೋ ಎಂದರು.
ಓದು.

ಇಡೀ ಬಸ್ರಾದಲ್ಲಿ ಆ ಪುಟ ಓದಬಲ್ಲವನು
ಬಹುಶಃ ನಾನೊಬ್ಬನೇ.
ಫ್ಯಾನು ಎನ್ನಬಹುದಿತ್ತು.
ಹೊಲಿಗೆ ಮಿಷಿನ್ನು ಎನ್ನಬಹುದಿತ್ತು.
ಬರೆದದ್ದನ್ನೇ ಅರಬ್ಬಿಗೆ ತಿರುಗಿಸಿ ಓದಿದೆ,
ಹೆಸರು, ಬೀದಿ, ತಾರೀಖು,
ಕೇಳದಿದ್ದರೂ, ಚುಕ್ಕೆಯ ಸಂಗತಿ.

ಅವನನ್ನು ಒಯ್ದದ್ದು ಯಾರೂ ನೋಡಲಿಲ್ಲ.
ಮನೆಯವರನ್ನು ಬಿಟ್ಟದ್ದು ಎಲ್ಲರೂ ನೋಡಿದರು.
ಬಿಟ್ಟರು ಅಂದರೆ,
ನಜೀಹಾ ಟೀಚರ ಕೆಲಸ ಹೋಯಿತು.
ತಲಾಖಿನ ಅರ್ಜಿ ಬರೆದೇ ತಂದಿದ್ದರು, ಸಹಿಯೊಂದು ಬಾಕಿ;
ಆಕೆ ಹಾಕಲಿಲ್ಲ.
ದುರೈದ್, ಹದಿನಾರು ತುಂಬದ ಹುಡುಗ,
ವಯಸ್ಸು ತಿದ್ದಿದ ಚೀಟಿ ಹಿಡಿದು ಗಡಿಗೆ ಹೋದ.
ಒಲೆಯವನು ಅವರ ಹಿಟ್ಟಿನ ಬುಟ್ಟಿ ಮುಟ್ಟಲಿಲ್ಲ.
ಪಕ್ಕದ ಮನೆಯಾಕೆ, ಎಂದೋ ಒಯ್ದಿದ್ದ ಪಾತ್ರೆಯನ್ನು
ರಾತ್ರಿ ಕಾಂಪೌಂಡಿನ ಮೇಲಿಟ್ಟು ಹೋದಳು.
ತೊಳೆದದ್ದು. ಖಾಲಿ.
ನಮ್ಮೂರಲ್ಲೂ ಯಾರೂ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ.

ಮಗಳು ಇಬ್ತಿಹಾಜ್ ಗುರುವಾರ ಗುರುವಾರ
ಪಕ್ಷದ ಕಚೇರಿಗೆ ಹೋಗಿ ಬರೆದುಕೊಡಬೇಕು:
'ನನ್ನ ತಂದೆ ಎಲ್ಲಿದ್ದಾರೆಂದು ನನಗೆ ತಿಳಿಯದು.'
ತಿಳಿದವರೇ ಬರೆಸಿಕೊಳ್ಳುತ್ತಿದ್ದರು.

ಅಂಥ ಒಂದು ಗುರುವಾರ ಅಂಗಡಿಗೆ ಬಂದಳು.
ಅಬಾಯದೊಳಗಿಂದ ರಿಬ್ಬನ್ನಿನ ಉರುಳೆ ತೆಗೆದಳು.
ಯಂತ್ರ ಒಯ್ದವರು ಸೋಫಾದಡಿ ನೋಡಿರಲಿಲ್ಲ.
ಅಪ್ಪ ಹೊಡೆದದ್ದೆಲ್ಲ ಇದರಲ್ಲೇ ಇರುತ್ತದಂತೆ,
ಓದು.
ಮತ್ತೆ ಅದೇ ಮಾತು.

ಕರೆಂಟಿಲ್ಲದ ರಾತ್ರಿ, ಭೂತಗನ್ನಡಿ, ಲಾಟೀನು.
ಹೋಗಿ ಬಂದು ಹೋಗಿ ಸವೆದ ಪಟ್ಟಿ,
ಮಾತಿನ ಮೇಲೆ ಮಾತು ಬಿದ್ದು ಬರೀ ಕಾಡಿಗೆ.
ತುದಿಯ ಗೇಣುದ್ದದಲ್ಲಿ ಮಾತ್ರ
ಒಂದೇ ಸಲ ಬಡಿದ ಗುರುತು.
ಕತೆಯಲ್ಲ.
ಹೊಸ ರಿಬ್ಬನ್ ಪರೀಕ್ಷಿಸಲು ಹೊಡೆದ ಸಂತೆಚೀಟಿ:
ಈರುಳ್ಳಿ, ಸೀಮೆಎಣ್ಣೆ, ಇಬ್ತಿಹಾಜಳಿಗೆ ಚಪ್ಪಲಿ.

ಬರೆದುಕೊಟ್ಟೆ. ಓದಿ ತನ್ನ ಕಾಲು ನೋಡಿಕೊಂಡಳು.
ಆಮೇಲೆ, ಎಷ್ಟಾಯಿತು, ಎಂದಳು.
ನನಗೆ ಬಾಯಿ ಬರಲಿಲ್ಲ.
ಅರಬ್ಬಿಯಲ್ಲೂ, ಕನ್ನಡದಲ್ಲೂ.

ವಹಿಯ ಆ ಪುಟವನ್ನು ಅವರು ಅಂದೇ ಹರಿದೊಯ್ದಿದ್ದರು.
ಯಾವುದೋ ಕಡತದಲ್ಲಿ, ಯಾವುದೋ ನೆಲಮಾಳಿಗೆಯಲ್ಲಿ
ಈಗಲೂ ಇದ್ದೀತು, ಓದುವವರಿಲ್ಲದ ಒಂದು ಸಾಲು,
ನನ್ನದೇ ದುಂಡು ಅಕ್ಷರ:
'ಸಬ್ತಿ ಸಾಹೇಬರು. ರಿಬ್ಬನ್ ಒಂದು.
ಚುಕ್ಕೆ ಹಾಗೇ ಇರಲಿ ಅಂದರು.'